ನೀವೀಗ ಯಾವ ಕೌಂಟಿಯಲ್ಲಿದ್ದೀರಿ?

ಕೆಲವು ವರ್ಷಗಳ ಹಿಂದೆ ಪ್ರಾಜೆಕ್ಟ್ ಕೆಲಸಕ್ಕೆ ಅಮೆರಿಕಕ್ಕೆ ಹೋಗಿದ್ದಾಗ, ಮೇ ತಿಂಗಳ ಒಂದು ಲಾಂಗ್ ವೀಕೆಂಡಿನಲ್ಲಿ ನಾವು ನಾಲ್ವರು ಗೆಳೆಯರು ಆರ್‌ವಿ ಬಾಡಿಗೆಗೆ ತಗೊಂಡು ಹೊರಟಿದ್ವಿ. ಆರ್‌ವಿ ಅಂದ್ರೆ ಹಾಸಿಗೆ, ಒಲೆ, ಬಚ್ಚಲು ಎಲ್ಲ ಒಳಗೇ ಇರುವ ಗಾಡಿ. ಟೆಕ್ಸಾಸ್ ದಾಟಿ ಒಕ್ಲಹೋಮಾಗೆ ಬಂದು, ಐ-40 ಹೆದ್ದಾರಿ ಪಕ್ಕದ ಕ್ಯಾಂಪ್‌ಗ್ರೌಂಡಿನಲ್ಲಿ ನಿಲ್ಲಿಸಿ, ಅನ್ನಕ್ಕೆ ಇಟ್ಟಿದ್ವಿ. ಆಕಾಶ ಒಂಥರಾ ಹಸಿರುಗಪ್ಪಾಗಿತ್ತು.

ಪಕ್ಕದ ಗಾಡಿಯ ಹಿರಿಯರ ಹತ್ತಿರ ಅಂಗೈಯಗಲದ ರೇಡಿಯೋ ಇತ್ತು. ಅದು ಇದ್ದಕ್ಕಿದ್ದಂತೆ ಕಿರುಚಿಕೊಂಡು, ಕೌಂಟಿಗಳ ಹೆಸರನ್ನು ಒಂದೊಂದಾಗಿ ಓದತೊಡಗಿತು. ಅವರು ನಮ್ಮ ಕಡೆ ತಿರುಗಿ ಕೇಳಿದರು: "ನೀವೀಗ ಯಾವ ಕೌಂಟಿಯಲ್ಲಿದ್ದೀರಿ, ಗೊತ್ತಾ?"

ನಾಲ್ಕೂ ಜನ ಬಿಇ ಮಾಡಿದವರು. ಹೆದ್ದಾರಿಯ ಎಕ್ಸಿಟ್ ನಂಬರ್ ಗೊತ್ತಿತ್ತು, ಮುಂದಿನ ಪೆಟ್ರೋಲ್ ಬಂಕ್ ಎಷ್ಟು ಮೈಲಿ ಅಂತ ಗೊತ್ತಿತ್ತು. ಕೌಂಟಿ? ಮುಖಮುಖ ನೋಡಿಕೊಂಡ್ವಿ. "ಬೆಕಮ್ ಕೌಂಟಿ. ಒಲೆ ಆರಿಸಿ, ಆ ಕಾಂಕ್ರೀಟ್ ಕಟ್ಟಡಕ್ಕೆ ನಡೀರಿ" ಅಂದರು ಅವರು. ಅದು ಸ್ನಾನದ ಮನೆಗಳ ಕಟ್ಟಡ. ಅಲ್ಲಿ ಅಪರಿಚಿತರ ನಡುವೆ ಮುಕ್ಕಾಲು ಗಂಟೆ ನಿಂತಿದ್ವಿ. ಸುಂಟರಗಾಳಿ ಬರಲಿಲ್ಲ, ಆಲಿಕಲ್ಲು ಮಾತ್ರ ಬಿತ್ತು. ಆ ಪ್ರಶ್ನೆ ಮಾತ್ರ ನನ್ನ ಜೊತೆ ಉಳೀತು. ಅದರ ಹಿಂದೆ ನೂರೈವತ್ತು ವರ್ಷದ ಕಥೆ ಇದೆ ಅಂತ ಆಮೇಲೆ ಓದಿ ತಿಳೀತು.

ಅಮೆರಿಕದಲ್ಲಿ ಸರ್ಕಾರಿ ಹವಾಮಾನ ಸೇವೆ ಶುರುವಾದದ್ದು 1870ರಲ್ಲಿ, ಸೈನ್ಯದ ಸಿಗ್ನಲ್ ವಿಭಾಗದ ಕೈಯಲ್ಲಿ. ಟೆಲಿಗ್ರಾಫ್ ಬಂದಿತ್ತಲ್ಲ, ಒಂದೂರಿನ ಗಾಳಿಯ ಸುದ್ದಿ ಗಾಳಿಗಿಂತ ಮೊದಲೇ ಮುಂದಿನೂರು ಮುಟ್ಟುವುದು ಸಾಧ್ಯವಾಗಿತ್ತು. ಅದೇ ವಿಭಾಗದ ಜಾನ್ ಪಾರ್ಕ್ ಫಿನ್ಲೆ ಅನ್ನುವವನು 1884ರಲ್ಲಿ ಸುಂಟರಗಾಳಿಯ ಮುನ್ಸೂಚನೆ ಕೊಡುವ ಪ್ರಯೋಗಕ್ಕೆ ಇಳಿದ. ಒಟ್ಟು 2803 ಮುನ್ಸೂಚನೆ, 96.6% ಸರಿ ಅಂತ ಲೆಕ್ಕ ಕೊಟ್ಟ. ಟೀಕಾಕಾರರು ಸುಮ್ಮನಿರಲಿಲ್ಲ. "ಸುಂಟರಗಾಳಿ ಇಲ್ಲ" ಅಂತ ಪ್ರತಿಸಲ ಕಣ್ಣುಮುಚ್ಚಿ ಹೇಳಿದ್ದರೆ 98.2% ಸರಿಯಾಗುತ್ತಿತ್ತು! ಮೆಷಿನ್ ಲರ್ನಿಂಗ್ ಕೆಲಸ ಮಾಡುವವರಿಗೆ ಇದನ್ನು ಓದಿ ನಗು ಬಂದಿರಬೇಕು. ಅಪರೂಪದ ಘಟನೆಗೆ ಆಕ್ಯುರಸಿ ಅಳೆಯಬೇಡಿ ಅನ್ನುವ ಪಾಠವನ್ನು ಕಂಪ್ಯೂಟರ್ ಹುಟ್ಟುವ ಮೊದಲೇ ಕಲಿಸಿದ ಪ್ರಸಂಗ ಇದು.

ಆದರೆ ಅಧಿಕಾರಿಗಳು ಕಲಿತ ಪಾಠ ಬೇರೆ. ಆ ದಶಕದ ಕೊನೆಯ ಹೊತ್ತಿಗೆ ಮುನ್ಸೂಚನೆಗಳಲ್ಲಿ 'ಟೊರ್ನೇಡೋ' ಅನ್ನುವ ಪದವನ್ನೇ ಬಳಸಬಾರದು ಅಂತಾಯಿತು. ಜನ ಗಾಬರಿಯಾಗುತ್ತಾರೆ, ಗಾಳಿಗಿಂತ ಗಾಬರಿಯಿಂದಲೇ ಹೆಚ್ಚು ಹಾನಿ ಅನ್ನುವುದು ಕಾರಣ. ಹೆಸರೆತ್ತದಿದ್ದರೆ ಬರುವುದಿಲ್ಲವೇನೋ ಅನ್ನುವ ಹಾಗೆ, ರಾತ್ರಿ ಹೊತ್ತು ಹಾವಿಗೆ 'ಹುಳ' ಅನ್ನುತ್ತೇವಲ್ಲ, ಆ ಥರ. ಈ ಮೌನ ದಶಕಗಟ್ಟಲೆ ನಡೆಯಿತು. 1925ರ ಮಾರ್ಚ್ 18ರಂದು ಮಿಸೌರಿ, ಇಲಿನಾಯ್, ಇಂಡಿಯಾನಾ ರಾಜ್ಯಗಳನ್ನು ಸೀಳಿಕೊಂಡು ಹೋದ ಸುಂಟರಗಾಳಿಗೆ 695 ಜನ ಸತ್ತರು. ಯಾರಿಗೂ ಎಚ್ಚರಿಕೆ ಹೋಗಿರಲಿಲ್ಲ.

ಮೌನ ಮುರಿದದ್ದು ಒಂದು ಮುಜುಗರದಿಂದ. 1948ರ ಮಾರ್ಚ್ 20ರ ರಾತ್ರಿ ಒಕ್ಲಹೋಮಾದ ಟಿಂಕರ್ ವಾಯುನೆಲೆಗೆ ಸುಂಟರಗಾಳಿ ಬಡಿದು ವಿಮಾನಗಳು ಪುಡಿಯಾದವು. ಅಲ್ಲಿನ ಹವಾಮಾನ ಅಧಿಕಾರಿಗಳಾದ ಫಾಬುಷ್ ಮತ್ತು ಮಿಲ್ಲರ್ ಹಳೆಯ ನಕಾಶೆಗಳನ್ನು ಹರಡಿಕೊಂಡು, ಇಂಥ ದಿನಗಳಲ್ಲಿ ವಾತಾವರಣ ಹೇಗಿರುತ್ತದೆ ಅಂತ ಹುಡುಕಲು ಕೂತರು. ಐದೇ ದಿನಕ್ಕೆ, ಮಾರ್ಚ್ 25ರಂದು, ನಕಾಶೆ ಮತ್ತೆ ಹಾಗೇ ಕಂಡಿತು. ಅಳುಕುತ್ತಲೇ ಮುನ್ಸೂಚನೆ ಬರೆದುಕೊಟ್ಟರು. ವಿಮಾನಗಳನ್ನು ಒಳಗೆ ಸೇರಿಸಿದರು. ಸಂಜೆ ಅದೇ ನೆಲೆಗೆ ಮತ್ತೊಂದು ಸುಂಟರಗಾಳಿ ಬಂದೇಬಿಟ್ಟಿತು! ಸೈನ್ಯಕ್ಕೆ ಸಿಗುವ ಎಚ್ಚರಿಕೆ ನಮಗ್ಯಾಕಿಲ್ಲ ಅಂತ ಜನ ಕೇಳತೊಡಗಿದರು. 1950ರಲ್ಲಿ ಹವಾಮಾನ ಬ್ಯೂರೋ ಆ ಪದಕ್ಕಿದ್ದ ಅಡ್ಡಿಯನ್ನು ತೆಗೆಯಿತು. 1952ರಿಂದ ಸಾರ್ವಜನಿಕ ಮುನ್ಸೂಚನೆಗಳು ಶುರುವಾದವು.

ಸರಿ, ಹೇಳುವುದಕ್ಕೆ ಧೈರ್ಯ ಬಂತು. ಯಾರಿಗೆ ಹೇಳುವುದು?

1974ರ ಏಪ್ರಿಲ್ 3 ಮತ್ತು 4ರಂದು 13 ರಾಜ್ಯಗಳಲ್ಲಿ 148 ಸುಂಟರಗಾಳಿಗಳು ಎದ್ದು 300ಕ್ಕೂ ಹೆಚ್ಚು ಜನ ಸತ್ತರು. ಮರುವರ್ಷ, ಮನೆಮನೆಗೆ ಸರ್ಕಾರದ ಎಚ್ಚರಿಕೆ ನೇರವಾಗಿ ಮುಟ್ಟಿಸುವ ವ್ಯವಸ್ಥೆ ಹವಾಮಾನ ರೇಡಿಯೋನೇ ಅಂತ ತೀರ್ಮಾನವಾಯಿತು. ಏಳು ತರಂಗಾಂತರ, ದಿನಕ್ಕೆ 24 ಗಂಟೆ ಪ್ರಸಾರ, ಒಂದೊಂದು ಗೋಪುರಕ್ಕೆ ಸುಮಾರು 40 ಮೈಲಿ ವ್ಯಾಪ್ತಿ. ಆದರೆ ಈ ಏರ್ಪಾಡೆಲ್ಲ ಮನೆಯಲ್ಲಿ ಇರುವವನಿಗೆ. ರಜಕ್ಕೆ ಬಂದು ಹೊಳೆ ಪಕ್ಕ ಟ್ರೇಲರ್ ನಿಲ್ಲಿಸಿದವನ ಕಥೆ ಏನು?

ಉತ್ತರ ಬರಲು ಹೆಚ್ಚು ದಿನ ಹಿಡಿಯಲಿಲ್ಲ. 1976ರ ಜುಲೈ 31, ಶನಿವಾರ. ಕೊಲೊರಾಡೊ ರಾಜ್ಯಕ್ಕೆ ಮಾರನೆಯ ದಿನ ನೂರು ವರ್ಷ ತುಂಬುವುದಿತ್ತು. ಬಿಗ್ ಥಾಂಪ್ಸನ್ ಅನ್ನುವ ಕಡಿದಾದ ಕಣಿವೆಯಲ್ಲಿ ಕ್ಯಾಂಪರ್, ಡೇರೆ, ಮೋಟೆಲ್ ಎಲ್ಲ ಪ್ರವಾಸಿಗರಿಂದ ತುಂಬಿದ್ದವು. ಸಂಜೆ ಕಣಿವೆಯ ಮೇಲ್ಭಾಗದಲ್ಲಿ ಮೋಡ ಒಂದೇ ಕಡೆ ನಿಂತು ಸುರಿಯಿತು. ಕೆಲವೇ ಗಂಟೆಗಳಲ್ಲಿ ಸುಮಾರು 12 ಇಂಚು ಮಳೆ. ಕೆಳಗಿನ ಕಣಿವೆಯಲ್ಲಿದ್ದವರಿಗೆ ಅದರ ಅಂದಾಜೇ ಇರಲಿಲ್ಲ, ಅಲ್ಲಿ ಅಂಥ ಮಳೆ ಬಿದ್ದಿರಲಿಲ್ಲ. ಪೊಲೀಸರು ಗಾಡಿಯಲ್ಲಿ ಓಡಾಡಿ ಕೂಗಿ ಹೇಳಿದರು. ಎಷ್ಟೋ ಜನ ನಂಬಲಿಲ್ಲ. ನಂಬಿದವರಲ್ಲಿ ಎಷ್ಟೋ ಜನ ಗಾಡಿ ಹತ್ತಿ ಅದೇ ಕಣಿವೆಯ ರಸ್ತೆ ಹಿಡಿದರು, ನೀರು ಹಿಂದಿನಿಂದ ಬಂತು. 144 ಜನ ಸತ್ತರು. ಎಚ್ಚರಿಸಲು ಹೋದ ರಾಜ್ಯ ಗಸ್ತು ಪಡೆಯ ಸಾರ್ಜೆಂಟ್ ಹ್ಯೂ ಪರ್ಡಿ ಕೂಡ ಅವರಲ್ಲೊಬ್ಬರು.

ಬದುಕಿದವರಲ್ಲಿ ಹಲವರು ಗಾಡಿ, ಸಾಮಾನು ಎಲ್ಲ ಅಲ್ಲೇ ಬಿಟ್ಟು ಬರಿಗೈಲಿ ಗುಡ್ಡ ಹತ್ತಿದವರು. ಅದಾದ ಮೇಲೆ ಕೊಲೊರಾಡೊದ ಕಣಿವೆ ರಸ್ತೆಗಳಲ್ಲಿ, ಪ್ರವಾಹ ಬಂದರೆ ಮೇಲಕ್ಕೆ ಹತ್ತಿ ಅನ್ನುವ ಫಲಕಗಳು ಬಂದವು. ಈ ಇಡೀ ಚರಿತ್ರೆಯಲ್ಲಿ ನನಗೆ ಅತ್ಯಂತ ಇಷ್ಟವಾದ 'ತಂತ್ರಜ್ಞಾನ' ಇದೇ. ಬ್ಯಾಟರಿ ಬೇಡ, ನೆಟ್‌ವರ್ಕ್ ಬೇಡ, ಕೌಂಟಿ ಹೆಸರು ಗೊತ್ತಿರಬೇಕಿಲ್ಲ.

ರೇಡಿಯೋದ ಕಷ್ಟ ಮಾತ್ರ ಮುಂದುವರಿಯಿತು. ಎಲ್ಲೋ ದೂರದ ಮಳೆಗೆ ರಾತ್ರಿಯೆಲ್ಲ ಕಿರುಚಿದರೆ ಜನ ಅದನ್ನು ಆರಿಸಿ ಮಲಗುತ್ತಾರೆ. 1990ರ ದಶಕದಲ್ಲಿ ಇದಕ್ಕೆ 'ಸೇಮ್' ಅನ್ನುವ ಸಂಕೇತ ಪದ್ಧತಿ ತಂದರು. ಪ್ರತಿ ಕೌಂಟಿಗೂ ಆರಂಕಿಯ ಸಂಖ್ಯೆ. ನಮ್ಮ ಬೆಕಮ್ ಕೌಂಟಿಯದು 040009. ನಿಮ್ಮ ಸಂಖ್ಯೆ ಹಾಕಿಟ್ಟರೆ ನಿಮ್ಮ ಕೌಂಟಿಗೆ ಅಪಾಯ ಬಂದಾಗ ಮಾತ್ರ ರೇಡಿಯೋ ಎಬ್ಬಿಸುತ್ತದೆ. ಒಂದೇ ಊರಲ್ಲಿ ಇರುವವನಿಗೆ ಬಹಳ ಚೊಕ್ಕವಾದ ಪರಿಹಾರ. ಆರ್‌ವಿಯವನಿಗೆ ತಲೆನೋವು, ಯಾಕೆಂದರೆ ಐ-40ರಲ್ಲಿ ಒಂದು ಗಂಟೆ ಓಡಿಸಿದರೆ ಮೂರು ಕೌಂಟಿ ದಾಟಿರುತ್ತದೆ. ಪ್ರತಿಸಲ ನಿಲ್ಲಿಸಿ ಸಂಖ್ಯೆ ಬದಲಿಸುವವರು ಯಾರು? ಅದಕ್ಕೇ ಹಳಬರು ಗಾಡಿ ನಿಲ್ಲಿಸಿದ ತಕ್ಷಣ ಕೌಂಟಿ ಹೆಸರು ಚೀಟಿಯಲ್ಲಿ ಬರೆದು ಅಂಟಿಸುತ್ತಾರೆ. ಆ ಹಿರಿಯರ ಪ್ರಶ್ನೆ ಬಂದದ್ದು ಇಲ್ಲಿಂದ.

2007ರಲ್ಲಿ ಹವಾಮಾನ ಸೇವೆ ಕೌಂಟಿಯ ಗಡಿ ಬಿಟ್ಟು, ಬಿರುಗಾಳಿಯ ದಾರಿಯ ಮೇಲೆ ಬಹುಭುಜ ಎಳೆದು ಎಚ್ಚರಿಕೆ ಕೊಡಲು ಶುರುಮಾಡಿತು. ಮಳೆಗೆ ಕೌಂಟಿ ಗೊತ್ತಿಲ್ಲವಲ್ಲ! 2012ರಲ್ಲಿ ಮೊಬೈಲ್ ಎಚ್ಚರಿಕೆ ಬಂತು. ಇದು ಎಸ್ಸೆಮ್ಮೆಸ್ ಅಲ್ಲ. ಟವರ್ ಕೂಗಿ ಹೇಳುತ್ತದೆ, ಅದರ ನೆರಳಲ್ಲಿರುವ ಫೋನುಗಳೆಲ್ಲ ಕೇಳಿಸಿಕೊಳ್ಳುತ್ತವೆ. ನಿಮ್ಮ ನಂಬರ್ ಯಾವ ಊರಿನದು ಅನ್ನುವುದು ಅದಕ್ಕೆ ಬೇಡ. ಇಷ್ಟು ವರ್ಷದಲ್ಲಿ ಮೊದಲ ಸಲ ಎಚ್ಚರಿಕೆ ಮನೆಯ ವಿಳಾಸ ಬಿಟ್ಟು ಮನುಷ್ಯ ಇರುವ ಜಾಗವನ್ನು ಹುಡುಕಿಕೊಂಡು ಬಂತು.

ಇಲ್ಲಿಗೆ ಕಥೆ ಸುಖಾಂತ್ಯ ಅಂದುಕೊಂಡಿದ್ದೆ. 2025ರ ಜುಲೈ 4ರ ನಸುಕಿಗೆ ಟೆಕ್ಸಾಸಿನ ಗ್ವಾಡಲೂಪೆ ನದಿ ಮುಕ್ಕಾಲು ಗಂಟೆಯಲ್ಲಿ ಸುಮಾರು 26 ಅಡಿ ಏರಿತು. ಪ್ರವಾಹದ ಎಚ್ಚರಿಕೆ ರಾತ್ರಿ 1 ಗಂಟೆ 14 ನಿಮಿಷಕ್ಕೇ ಹೊರಟಿತ್ತು. ಆದರೆ ಆ ಗುಡ್ಡಗಾಡಿನಲ್ಲಿ ಎಷ್ಟೋ ಕಡೆ ಸಿಗ್ನಲ್ ಇಲ್ಲ, ಇದ್ದ ಕಡೆ ಜನ ಗಾಢ ನಿದ್ದೆಯಲ್ಲಿದ್ದರು. ದಡದ ಆರ್‌ವಿಗಳು ಬೆಂಕಿಪೊಟ್ಟಣದ ಹಾಗೆ ತೇಲಿಹೋದವು. ಮಧ್ಯ ಟೆಕ್ಸಾಸಿನಲ್ಲಿ ಒಟ್ಟು 130ಕ್ಕೂ ಹೆಚ್ಚು ಜನ ಸತ್ತರು. 1976ರಲ್ಲಿ ಫೋನಿಗೆ ಬರುವ ಎಚ್ಚರಿಕೆ ಇರಲಿಲ್ಲ. 2025ರಲ್ಲಿ ಇತ್ತು, ಎಲ್ಲರನ್ನೂ ಎಬ್ಬಿಸಲಿಲ್ಲ.

ನಾನು ಚಿಕ್ಕವನಿದ್ದಾಗ ನಮ್ಮೂರಲ್ಲಿ ತಾತ ಬೆಳಗಿನ ಪ್ರದೇಶ ಸಮಾಚಾರ ಕೇಳುತ್ತಿದ್ದರು. ಕೊನೆಗೆ ಹವಾಮಾನ: ದಕ್ಷಿಣ ಒಳನಾಡಿನ ಒಂದೆರಡು ಕಡೆಗಳಲ್ಲಿ ಮಳೆ. "ಆ ಒಂದೆರಡು ಕಡೇಲಿ ನಮ್ಮ ಕಡೇನೂ ಸೇರ್ತಾ ಕೇಳು" ಅಂತ ರೇಡಿಯೋಗೇ ರೇಗಿಸುತ್ತಿದ್ದರು. ಈಗ ನಮ್ಮಲ್ಲೂ ಟವರ್ ಕೂಗುವ ಪದ್ಧತಿ ಬಂದಿದೆ. 2023ರ ಅಕ್ಟೋಬರಿನಲ್ಲಿ ಪರೀಕ್ಷೆ ಮಾಡಿದ ದಿನ ಆಫೀಸಿನಲ್ಲಿ ಎಲ್ಲರ ಫೋನೂ ಒಟ್ಟಿಗೆ ಕಿರುಚಿದ್ದು ನೆನಪಿದೆಯಾ? ನಾವೆಲ್ಲ ನಕ್ಕು, ಓಕೆ ಒತ್ತಿ, ಮೀಟಿಂಗ್ ಮುಂದುವರಿಸಿದ್ವಿ. ಸಿಡಿಲಿಗೆ ಪುಣೆಯ ಸಂಸ್ಥೆ ಮಾಡಿದ 'ದಾಮಿನಿ' ಆ್ಯಪ್ ಇದೆ. ತಾತನ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿದೆ.

ಉಳಿದರ್ಧ ನಮ್ಮದು. ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟು ಸಕಲೇಶಪುರ, ಮಡಿಕೇರಿ ಕಡೆ ಹೊಳೆ ಪಕ್ಕದ ಟೆಂಟಿಗೆ ಹೋಗುವ ನಮ್ಮಲ್ಲಿ ಎಷ್ಟು ಜನಕ್ಕೆ ತಾವು ಮಲಗಿರುವ ಹೋಬಳಿಯ ಹೆಸರು ಗೊತ್ತು? ಅಲ್ಲಿ ನೆಟ್‌ವರ್ಕ್ ಸಿಗಲ್ಲ ಅನ್ನೋದನ್ನೇ ಖುಷಿಯಿಂದ ಹೇಳಿಕೊಳ್ಳುತ್ತೇವೆ. ಹೋಗಿ, ಖಂಡಿತ ಹೋಗಿ. ಗಾಡಿ ನಿಲ್ಲಿಸಿದ ಮೇಲೆ ಊರಿನವರನ್ನು ಎರಡು ಮಾತು ಕೇಳಿ: ಇದು ಯಾವೂರು, ಮಳೆ ಜೋರಾದರೆ ಹೊಳೆ ಎಲ್ಲೀವರೆಗೆ ಬರುತ್ತೆ. ಆಮೇಲೆ, ಕತ್ತಲಾಗುವ ಮೊದಲು, ಮೇಲಕ್ಕೆ ಹತ್ತುವ ದಾರಿ ಯಾವುದು ಅಂತ ಒಮ್ಮೆ ನೋಡಿಟ್ಟುಕೊಳ್ಳಿ.