ಒಪ್ಪಾ: ಅಣ್ಣನೂ ಹೌದು, ನಲ್ಲನೂ ಹೌದು

ಒಪ್ಪಾ (ನಾಮಪದ, ಕೊರಿಯನ್): ಹೆಣ್ಣು ತನ್ನ ಅಣ್ಣನನ್ನು ಕರೆಯುವ ಪದ.

ಹೊರನಾಡು–ಕಳಸ ಬಸ್ಸಿನಲ್ಲಿ ಕಾಲೇಜು ಹುಡುಗಿಯರ ಬಾಯಲ್ಲಿ ಈ ಪದ ಈಗ ಸಲೀಸು. ಕೊರಿಯನ್ ಧಾರಾವಾಹಿಯ ಚೆಂದದ ನಾಯಕರೆಲ್ಲ ಅವರಿಗೆ 'ಒಪ್ಪಾ'. ಕೊರಿಯಾದಲ್ಲಿ ಇದಕ್ಕೆ ಷರತ್ತುಗಳಿವೆ: ಕರೆಯುವವಳು ಹೆಣ್ಣಾಗಿರಬೇಕು, ಅವನು ಅವಳಿಗಿಂತ ದೊಡ್ಡವನಾಗಿರಬೇಕು. ಗಂಡಸಿಗೆ ಅಣ್ಣ 'ಹ್ಯೊಂಗ್'. ಐತಿಹಾಸಿಕ ಧಾರಾವಾಹಿಗಳಲ್ಲಿ ಕೇಳುವ 'ಒರಬೊನಿ' ಗೌರವದ ಹಳೆಯ ರೂಪ.

ಗೊಂದಲವೆಲ್ಲ ಎರಡನೆಯ ಅರ್ಥದಲ್ಲಿ. ಪ್ರಿಯಕರನೂ ಒಪ್ಪಾ, ಎಷ್ಟೋ ಸಲ ಗಂಡನೂ. 'ರಿಪ್ಲೈ 1988' (2015–16) ಧಾರಾವಾಹಿ ಬಂದಾಗ ನಾಯಕಿ ದೊಕ್‌ಸನ್‌ಳ ಗಂಡ ಟೇಕೋ ಜಂಗ್‌ಹ್ವಾನೋ ಎಂದು ನೋಡುಗರು ಪಕ್ಷ ಕಟ್ಟಿ ಜಗಳವಾಡಿದರು. ತಮಾಷೆಯೆಂದರೆ ಇಬ್ಬರೂ ಅವಳ ಓರಗೆಯವರು. ಲೆಕ್ಕಕ್ಕೆ ಒಬ್ಬನೂ ಒಪ್ಪಾ ಅಲ್ಲ!

ನಮ್ಮಲ್ಲಿ ಹುಡುಗಿ 'ಅಣ್ಣಾ' ಎಂದಳೆಂದರೆ ಪ್ರೇಮಕಥೆ ಅಲ್ಲಿಗೇ ಮುಗಿಯಿತು. ಆ ಸಲುಗೆ ಇರುವುದು 'ಭಾವ'ನಿಗೆ. ಅಕ್ಕನ ಗಂಡನೂ ಭಾವ, ಸೋದರಮಾವನ ಮಗನೂ ಭಾವ. ಎರಡನೆಯವನನ್ನು ಮದುವೆಯಾಗಲು ಅಡ್ಡಿಯೂ ಇಲ್ಲ. ಈ ಧಾರಾವಾಹಿಗಳನ್ನು ಕನ್ನಡಕ್ಕೆ ತರುವವರು 'ಅಣ್ಣ' ಎಂದು ಬರೆದು ಪ್ರೇಮಪ್ರಸಂಗ ಕೆಡಿಸುವ ಬದಲು 'ಭಾವ' ಎನ್ನುವುದೇ ಲೇಸು.

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು 2021ರಲ್ಲಿ 'ಒಪ್ಪಾ'ವನ್ನು ಸೇರಿಸಿಕೊಂಡಿತು. ಕನ್ನಡದ 'ಒಪ್ಪ', 'ಒಪ್ಪಿಗೆ'ಗಳಿಗೂ ಇದಕ್ಕೂ ನಂಟಿಲ್ಲ. ಕೊರಿಯನ್ನರೂ ತಂದೆಯನ್ನು 'ಅಪ್ಪ' ಎಂದೇ ಕರೆಯುವುದು ನಿಜ. ಇಂಥ ಹೋಲಿಕೆಗಳನ್ನು ಹಿಡಿದು ಅಮೆರಿಕದ ಮಿಷನರಿ ಹೋಮರ್ ಹಲ್ಬರ್ಟ್ 1905ರಲ್ಲಿ ಕೊರಿಯನ್–ದ್ರಾವಿಡ ತೌಲನಿಕ ವ್ಯಾಕರಣವನ್ನೇ ಬರೆದರು. ಭಾಷಾಶಾಸ್ತ್ರಜ್ಞರು ಮಾತ್ರ ಆ ಸಂಬಂಧಕ್ಕೆ ಒಪ್ಪಿಲ್ಲ.