ಊರೊಳಗೆ ಸ್ಪೀಡ್: ದಂಡ ಎಷ್ಟು, ಮಿತಿ ಯಾರದು, ಬೋರ್ಡ್ ಹಾಕಿಸೋದು ಹೇಗೆ?

ಸವಳಂಗ: ಶಿವಮೊಗ್ಗ–ಶಿಕಾರಿಪುರ ರಸ್ತೆ ಇಲ್ಲಿ ರಾಜ್ಯ ಹೆದ್ದಾರಿಯೂ ಹೌದು, ಪೇಟೆ ಬೀದಿಯೂ ಹೌದು. ನ್ಯಾಮತಿ, ಹೊನ್ನಾಳಿ ಕಡೆ ಹೋಗೋ ರಸ್ತೆಯೂ ಇಲ್ಲೇ ಕೂಡುತ್ತೆ. ಬಸ್ಸಿಗೆ ಕಾಯೋರು, ಅಂಗಡಿ ಮುಂದೆ ಬೈಕ್ ತಿರುಗಿಸೋರು, ಶಾಲೆ ಬಿಟ್ಟ ಮಕ್ಕಳು, ಸುಗ್ಗಿಯಲ್ಲಿ ಮೆಕ್ಕೆಜೋಳದ ಟ್ರ್ಯಾಕ್ಟರ್, ಫೆಬ್ರವರಿ ಬಂದರೆ ಸೂರಗೊಂಡನಕೊಪ್ಪದ ಸೇವಾಲಾಲ್ ಜಯಂತಿಗೆ ನಡೆದು ಹೋಗೋ ಮಾಲಾಧಾರಿಗಳು, ಎಲ್ಲರಿಗೂ ಇದೇ ರಸ್ತೆ. ಸ್ಪೀಡ್ ಹೋದರೆ ದಂಡ ಬೀಳುತ್ತೆ ಅನ್ನೋದು ಎಲ್ಲರಿಗೂ ಗೊತ್ತು. ಎಷ್ಟು ವೇಗದ ಮೇಲೆ ಬೀಳುತ್ತೆ, ಆ ಮಿತಿ ನಿಗದಿ ಮಾಡೋರು ಯಾರು ಅಂದರೆ ಉತ್ತರ ಹೇಳೋರು ಕಡಿಮೆ.

ದಂಡದ ಲೆಕ್ಕ ಮೊದಲು. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 183, 2019ರ ತಿದ್ದುಪಡಿ ನಂತರ, ಕಾರು ಜೀಪಿನಂಥ ಲಘು ವಾಹನಕ್ಕೆ 1,000ದಿಂದ 2,000 ರೂ., ಬಸ್, ಲಾರಿಯಂಥ ಮಧ್ಯಮ ಮತ್ತು ಭಾರಿ ವಾಹನಕ್ಕೆ 2,000ದಿಂದ 4,000 ರೂ. ದಂಡ ಹೇಳುತ್ತೆ. ಎರಡನೇ ಸಲ ಸಿಕ್ಕಿಬಿದ್ದರೆ ಡಿಎಲ್ ಜಪ್ತಿ ಮಾಡಬಹುದು. ಜನರ ಜೀವಕ್ಕೆ ಅಪಾಯವಾಗೋ ರೀತಿ ಓಡಿಸಿದರೆ ಅದು ಬೇರೆಯೇ ಕೇಸು, ಸೆಕ್ಷನ್ 184. ಮೊದಲ ಸಲವೇ 6 ತಿಂಗಳಿಂದ 1 ವರ್ಷದವರೆಗೆ ಜೈಲು, ಅಥವಾ 1,000ದಿಂದ 5,000 ರೂ. ದಂಡ, ಅಥವಾ ಎರಡೂ. ಅಜಾಗರೂಕತೆಯಿಂದ ಒಬ್ಬರ ಪ್ರಾಣ ಹೋದರೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 106(1)ರಡಿ 5 ವರ್ಷದವರೆಗೆ ಶಿಕ್ಷೆ ಇದೆ.

ರಿಯಾಯಿತಿ ಬರಲಿ ಅಂತ ದಂಡ ಬಾಕಿ ಇಟ್ಟು ಕೂರೋರೂ ಇದ್ದಾರೆ. 2023ರ ಫೆಬ್ರವರಿಯಲ್ಲಿ, ಮತ್ತೆ 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ರಾಜ್ಯ ಸರ್ಕಾರ ಬಾಕಿ ಇ-ಚಲನ್‌ಗೆ ಶೇ 50 ಬಿಟ್ಟಿದ್ದು ನಿಜ. ಹಾಗಂತ ಅದು ಹಕ್ಕಲ್ಲ.

ಮಿತಿ ಎಷ್ಟು?

ಕೇಂದ್ರ ಸಾರಿಗೆ ಸಚಿವಾಲಯ 2018ರ ಏಪ್ರಿಲ್‌ನಲ್ಲಿ ಹೊರಡಿಸಿದ ಅಧಿಸೂಚನೆಯಲ್ಲಿ ಪಟ್ಟಣ ವ್ಯಾಪ್ತಿ ಮತ್ತು ಇತರೆ ರಸ್ತೆಗಳಿಗೆ ಕಾರಿಗೆ ಗಂಟೆಗೆ 70 ಕಿ.ಮೀ., ಬಸ್, ಲಾರಿ, ಬೈಕಿಗೆ 60, ಆಟೋಗೆ 50 ಅಂತ ಗರಿಷ್ಠ ಮಿತಿ ಇಟ್ಟಿತು. ಪೇಟೆ ಬೀದಿಗೆ ಇದು ವಿಪರೀತ ಜಾಸ್ತಿ. ಇದಕ್ಕಿಂತ ಕಡಿಮೆ ಮಿತಿ ಹಾಕೋ ಅಧಿಕಾರವನ್ನ ಸೆಕ್ಷನ್ 112 ರಾಜ್ಯ ಸರ್ಕಾರಕ್ಕೆ, ಅದು ಅಧಿಕಾರ ಕೊಟ್ಟವರಿಗೆ ಕೊಟ್ಟಿದೆ. ಆದರೆ ಷರತ್ತು ಒಂದಿದೆ: ರಸ್ತೆಯಲ್ಲಿ ಬೋರ್ಡ್ ಇರಬೇಕು. ಅಂದರೆ 30ರ ಬೋರ್ಡೇ ಇಲ್ಲದ ಕಡೆ 55ರಲ್ಲಿ ನುಗ್ಗಿದ ಕಾರಿನವನನ್ನ ಹಿಡಿದು ನಿಲ್ಲಿಸಿದರೂ ಸ್ಪೀಡ್ ಕೇಸು ನಿಲ್ಲೋದು ಕಷ್ಟ.

ಇನ್ನೊಂದು, "ಜೋರಾಗಿ ಬಂದ, ನಾನೇ ನೋಡಿದೆ" ಅಂದರೆ ಸಾಲದು. ಒಬ್ಬನೇ ಸಾಕ್ಷಿ ಕಣ್ಣಂದಾಜಿನಲ್ಲಿ ಹೇಳಿದ್ದರ ಮೇಲಷ್ಟೇ ಶಿಕ್ಷೆ ಕೊಡುವಂತಿಲ್ಲ, ಯಂತ್ರದ ಅಳತೆ ಬೇಕು ಅಂತ ಸೆಕ್ಷನ್ 183ರಲ್ಲೇ ಇದೆ. ಹಾಗಾಗಿ ಸ್ಪೀಡ್ ಗನ್, ಕ್ಯಾಮೆರಾ ಬೇಕು.

ಬಸ್ಸಿನವರ ಟೈಮಿಂಗ್ ಜಗಳಕ್ಕೂ ಇದೇ ಸೆಕ್ಷನ್ನಿನಲ್ಲಿ ಮದ್ದಿದೆ. ಕೆಲಸದವನಿಂದ ಮಿತಿ ಮೀರಿ ಓಡಿಸಿದ ಮಾಲೀಕನೂ ತಪ್ಪಿತಸ್ಥ. ಮಿತಿ ಮೀರದೆ ತಲುಪೋಕೆ ಆಗದಂಥ ವೇಳಾಪಟ್ಟಿ ಕೊಟ್ಟಿದ್ದರೆ ಆ ಪಟ್ಟಿಯೇ ಮಾಲೀಕನ ವಿರುದ್ಧ ಮೇಲ್ನೋಟದ ಸಾಕ್ಷಿ. ಡ್ರೈವರ್‌ಗೆ ಬೈಯೋ ಮೊದಲು ಇದನ್ನ ಯಾರೂ ಕೇಳಲ್ಲ.

30ಕ್ಕೂ 60ಕ್ಕೂ ಅಂಗಡಿ ಲೆಕ್ಕದಲ್ಲಿ ವ್ಯತ್ಯಾಸ

ಒಣ ಡಾಂಬರು, ಒಳ್ಳೆ ಬ್ರೇಕು, ಎಚ್ಚರವಾಗಿರೋ ಡ್ರೈವರ್ ಅಂತ ಇಟ್ಟುಕೊಂಡರೂ 30ರಲ್ಲಿ ಬರೋ ಕಾರು, ಮಗು ಅಡ್ಡ ಬಂದಿದ್ದು ಕಂಡ ಮೇಲೆ ನಿಲ್ಲೋಕೆ ಸುಮಾರು 13 ಮೀಟರ್ ಬೇಕು. ಮೂರ್ನಾಲ್ಕು ಅಂಗಡಿ ಅಗಲ. 60ರಲ್ಲಿ ಬಂದರೆ ಸುಮಾರು 36 ಮೀಟರ್. ಇದರಲ್ಲಿ ಸುಮಾರು 17 ಮೀಟರ್ ಬ್ರೇಕ್ ಮೇಲೆ ಕಾಲಿಡೋ ಮೊದಲೇ ಮುಗಿದಿರುತ್ತೆ. ಲೋಡ್ ಲಾರಿ, ಮಳೆ, ರಸ್ತೆ ಮೇಲೆ ಒಣಹಾಕಿದ ಜೋಳ ಇದ್ದರೆ ಇನ್ನೂ ಹೆಚ್ಚು. ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಕ್ಕೆ 1,68,491 ಜನ ಬಲಿಯಾದರು. ಅದರಲ್ಲಿ ಶೇ 71ರಷ್ಟು ಸಾವಿಗೆ ಅತಿವೇಗ ಕಾರಣ ಅಂತ ಕೇಂದ್ರ ಸರ್ಕಾರದ ವರದಿ ದಾಖಲಿಸಿದೆ. ಜೋಳ ರಸ್ತೆ ಮೇಲೆ ಹಾಕೋರೂ ಇದನ್ನೊಮ್ಮೆ ಓದಲಿ.

ಬೋರ್ಡ್, ಹಂಪ್ ಯಾರ ಹತ್ರ ಕೇಳೋದು?

ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ. ಪೊಲೀಸ್, ಆರ್‌ಟಿಒ, ಲೋಕೋಪಯೋಗಿ ಇಲಾಖೆಯವರು ಅದರಲ್ಲಿ ಇರ್ತಾರೆ. ಗ್ರಾಮ ಪಂಚಾಯಿತಿ ನಿರ್ಣಯ, ವರ್ತಕರ ಸಹಿ, ಜಾಗದ ಫೋಟೋ ಸೇರಿಸಿ ಅರ್ಜಿ ಕೊಟ್ಟು ಸ್ವೀಕೃತಿ ಪಡೀಬೇಕು. ಒಂದು ಪ್ರತಿ ಠಾಣೆಗೂ ಕೊಡಿ.

ಅಪಘಾತ ಆದ ರಾತ್ರಿಯೇ ಸಿಟ್ಟಿನಲ್ಲಿ ಮಣ್ಣು, ಕಾಂಕ್ರೀಟ್ ಸುರಿದು ಹಂಪ್ ಹಾಕೋದು ನಮ್ಮ ಕಡೆ ವಾಡಿಕೆ. ಮೊದಲು ಸೊಂಟ ಮುರಿಯೋದು ಊರಿನ ಬೈಕ್ ಸವಾರನದೇ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅಳತೆ ಪ್ರಕಾರ ಗುಂಡನೆ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು, 25ರ ವೇಗದಲ್ಲಿ ಆರಾಮಾಗಿ ದಾಟುವಂತೆ. ಬಣ್ಣ, ಮುಂಚಿತ ಸೂಚನೆ ಬೋರ್ಡ್ ಇಲ್ಲದ ಹಂಪ್ ರಾತ್ರಿ ಹೊತ್ತು ಗುಂಡಿಗಿಂತ ಕೆಟ್ಟದು.

ರಾಜಿ ಮಾಡಿದರೆ ಲೆಕ್ಕಕ್ಕಿಲ್ಲ

ಇಲ್ಲಿ ಬಹಳ ಊರುಗಳು ಸೋಲೋದು. ರಾಷ್ಟ್ರೀಯ ಹೆದ್ದಾರಿಯಲ್ಲಿ ಒಂದು ಜಾಗವನ್ನ ಬ್ಲ್ಯಾಕ್ ಸ್ಪಾಟ್ ಅಂತ ಗುರುತಿಸೋಕೆ 500 ಮೀಟರ್ ಅಂತರದಲ್ಲಿ 3 ವರ್ಷದಲ್ಲಿ ಸಾವು ಅಥವಾ ತೀವ್ರ ಗಾಯದ 5 ಅಪಘಾತ, ಇಲ್ಲವೇ 10 ಸಾವು ಆಗಿರಬೇಕು ಅನ್ನೋದು ಕೇಂದ್ರದ ಅಳತೆ. ಬೇರೆ ರಸ್ತೆಗೂ ಅಧಿಕಾರಿಗಳು ಮೊದಲು ನೋಡೋದು ಠಾಣೆ ದಾಖಲೆಯನ್ನೇ. ಕಾಲು ಮುರಿದವನಿಗೆ ಐದೋ ಹತ್ತೋ ಸಾವಿರ ಕೊಡಿಸಿ ಹೋಟೆಲ್ ಮುಂದೆ ಮುಗಿಸಿದ ಅಪಘಾತ ಯಾವ ಪುಸ್ತಕದಲ್ಲೂ ಇರಲ್ಲ. ನಾಳೆ ಸಮಿತಿ ಮುಂದೆ ಊರಿನವರು "ವರ್ಷಕ್ಕೆ ಹತ್ತು ಆಗ್ತಾವೆ" ಅಂದರೆ ಫೈಲು "ಒಂದು" ಅನ್ನುತ್ತೆ.

ಮಗನ ಕೈಗೆ ಬೈಕ್ ಕೀ ಕೊಡೋರಿಗೆ: 18 ತುಂಬದವನು ಓಡಿಸಿ ಸಿಕ್ಕಿಬಿದ್ದರೆ ಸೆಕ್ಷನ್ 199ಎ ಪ್ರಕಾರ ಪೋಷಕರು ಅಥವಾ ಮಾಲೀಕರಿಗೆ 25,000 ರೂ. ದಂಡ, 3 ವರ್ಷದವರೆಗೆ ಜೈಲು, ವಾಹನದ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ಆಗೋತನಕ ಲೈಸೆನ್ಸ್ ಇಲ್ಲ. ಪಕ್ಕದ ಅಂಗಡಿಗೆ ತಾನೇ ಅನ್ನೋ ಮಾತು ಕೋರ್ಟಿನಲ್ಲಿ ನಡೆಯಲ್ಲ.

ಅಪಘಾತ ಆಗಿಬಿಟ್ಟರೆ 112ಕ್ಕೆ ಅಥವಾ 108ಕ್ಕೆ ಫೋನ್ ಮಾಡಿ. ಗಾಯಾಳುವನ್ನ ಆಸ್ಪತ್ರೆಗೆ ಸೇರಿಸಿದವರಿಗೆ ಸೆಕ್ಷನ್ 134ಎ ರಕ್ಷಣೆ ಇದೆ, ಹೆಸರು ಹೇಳಲೇಬೇಕು ಅಂತಿಲ್ಲ. 2025ರ ಮೇ ತಿಂಗಳಲ್ಲಿ ಬಂದ ಕೇಂದ್ರದ ನಗದುರಹಿತ ಚಿಕಿತ್ಸೆ ಯೋಜನೆಯಡಿ ಗೊತ್ತುಪಡಿಸಿದ ಆಸ್ಪತ್ರೆಯಲ್ಲಿ 7 ದಿನದವರೆಗೆ, 1.5 ಲಕ್ಷ ರೂ.ವರೆಗಿನ ಚಿಕಿತ್ಸೆ ಸಿಗುತ್ತೆ. ಗುದ್ದಿದ ವಾಹನ ಸಿಗದೇ ಹೋದರೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂ. ಪರಿಹಾರ ಇದೆ, ಅರ್ಜಿಯನ್ನ ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಿ ಕೊಡಬೇಕು. ಅದಕ್ಕೂ ಎಫ್‌ಐಆರ್ ಪ್ರತಿ ಬೇಕಾಗುತ್ತೆ.