ಹಕ್ಕಿಯ ದನಿಗೆ ಕಿವಿಗೊಟ್ಟವರು

ಬೆಳಗಿನ ಜಾವದಲ್ಲಿ ಊರ ಹೊರಗಿನ ಬಯಲಿಗೆ ಹೋಗಿ, ಬಲ್ಲವರೊಬ್ಬರ ಹಿಂದೆ ಸದ್ದಿಲ್ಲದೆ ನಡೆಯುತ್ತ, ಹಕ್ಕಿಗಳ ದನಿಯನ್ನು ಆಲಿಸಿ ಬರುವ ಹವ್ಯಾಸ ಕಳೆದ ಕೆಲವು ದಶಕಗಳಿಂದ ನಮ್ಮ ನಡುವೆ ಹರಡುತ್ತ ಬಂದಿದೆ. ಕೊರಳಿಗೆ ದುರ್ಬೀನು ತೂಗುಹಾಕಿಕೊಂಡು, ಕೈಯಲ್ಲೊಂದು ಟಿಪ್ಪಣಿ ಪುಸ್ತಕ ಹಿಡಿದು ಹೊರಟ ಗುಂಪನ್ನು ಕಂಡಾಗ ಇದು ಪಶ್ಚಿಮದಿಂದ ಬಂದ ಒಂದು ವಿಲಾಸವೆಂದು ಅನ್ನಿಸುವುದು ಸಹಜ. ದುರ್ಬೀನಿನ ಮಟ್ಟಿಗೆ ಆ ಮಾತು ನಿಜವೂ ಹೌದು. ಆದರೆ ನಸುಕಿನಲ್ಲಿ ಎದ್ದು ಹಕ್ಕಿಯ ದನಿಗೆ ಕಿವಿಗೊಡುವ ಕೆಲಸಕ್ಕೆ ಕನ್ನಡ ನಾಡಿನಲ್ಲಿ ಬಹು ದೀರ್ಘವಾದ ಚರಿತ್ರೆಯಿದೆ. ಹಕ್ಕಿಯ ಮುಂದೆ ಮನುಷ್ಯನು ಇಟ್ಟ ಪ್ರಶ್ನೆ ಮಾತ್ರ ಕಾಲದಿಂದ ಕಾಲಕ್ಕೆ ಬೇರೆಯಾಗುತ್ತ ಬಂದಿದೆ. ಆ ಬದಲಾವಣೆಯನ್ನು ಈ ಹೊತ್ತು ಕೊಂಚ ಗುರುತಿಸಿಕೊಳ್ಳೋಣ.

ಚಿತ್ರದುರ್ಗ ತಾಲ್ಲೂಕಿನ ಸಿರಿಗೆರೆಯ ಸೀಮೆಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಮಲೆನಾಡಿನ ದಟ್ಟ ಕಾಡು ಇಲ್ಲಿಲ್ಲ. ಕುರುಚಲು ಬೆಳೆದ ಗುಡ್ಡ, ಹೊಲ, ಬದುವಿನ ಮೇಲಿನ ಜಾಲಿ ಬೇವುಗಳು, ಊರ ಹೆಸರಿನಲ್ಲೇ ಸೇರಿಹೋಗಿರುವ ಕೆರೆ, ಇವೇ ಇಲ್ಲಿಯ ಹಕ್ಕಿಗಳ ಆಸರೆ. ಇಂಥ ಬಯಲುಸೀಮೆಯಲ್ಲಿ ಹಕ್ಕಿ ಕಣ್ಣಿಗೆ ಬೀಳುವುದಕ್ಕೆ ಮೊದಲೇ ಕಿವಿಗೆ ಬೀಳುತ್ತದೆ. ಇನ್ನೂ ಕತ್ತಲಿರುವಾಗಲೇ ಮಡಿವಾಳ ಹಕ್ಕಿ ತನ್ನ ಸಿಳ್ಳನ್ನು ತೊಡಗುತ್ತದೆ. ಮೂಡಲು ಬೆಳ್ಳಗಾಗುವ ವೇಳೆಗೆ ಬೇಲಿಯ ಬುಡದಿಂದ ಗೌಜಲಕ್ಕಿ ಒಂದೇ ಸಮನೆ ಕೂಗುತ್ತದೆ. ಆಚೆಯ ಹೊಲದಿಂದ ಇನ್ನೊಂದು ಅದಕ್ಕೆ ಮಾರ್ನುಡಿಯುತ್ತದೆ. ಕೆರೆಯಂಗಳದಲ್ಲಿ ಯಾರೋ ನಡೆದರೆಂದು ಟಿಟ್ಟಿಭ ಚೀರುತ್ತದೆ. ಬಿಸಿಲೇರಿದ ಮೇಲೂ ಆಲದ ಮರದಲ್ಲಿ ಚಿಟ್ಟುಕುಟ್ರವು ಕಂಚುಗಾರನ ಸುತ್ತಿಗೆಯಂತೆ ಟಂಕು ಟಂಕೆಂದು ಬಡಿಯುತ್ತಲೇ ಇರುತ್ತದೆ. ನಸುಕೇ ಹಾಡಿನ ಹೊತ್ತಾಗಿರುವುದಕ್ಕೆ ಕಾರಣಗಳುಂಟು. ಆಗ ಗಾಳಿ ನಿಂತಿರುತ್ತದೆ. ನೆಲದ ಮೇಲಣ ತಂಪು ಪದರದಲ್ಲಿ ದನಿ ದೂರ ಸಾಗುತ್ತದೆ. ಹುಳು ಹುಪ್ಪಟೆಗಳನ್ನು ಹುಡುಕಲು ಬೆಳಕು ಸಾಲದು. ಆ ಬಿಡುವಿನಲ್ಲಿ ಗಂಡುಹಕ್ಕಿ ತನ್ನ ಎಲ್ಲೆಯನ್ನು ಸಾರಿಕೊಳ್ಳುತ್ತದೆ, ಜೊತೆಗಾತಿಯನ್ನು ಕರೆಯುತ್ತದೆ.

ಈ ದನಿಗಳಿಗೆ ಕಿವಿಗೊಟ್ಟವರ ಕುರಿತು ನಮ್ಮ ಭಾಷೆಯಲ್ಲಿ ಉಳಿದಿರುವ ಹಳೆಯ ಸಾಕ್ಷ್ಯವೊಂದು ‘ಶಕುನ’ ಎಂಬ ಮಾತೇ ಆಗಿದೆ. ಸಂಸ್ಕೃತದಲ್ಲಿ ಶಕುನವೆಂದರೆ ಹಕ್ಕಿ. ಹಕ್ಕಿಯ ಹಾರಾಟದಿಂದ, ಕೂಗಿನಿಂದ ಶುಭಾಶುಭವನ್ನು ಅರಿಯುವ ಪದ್ಧತಿ ಎಷ್ಟು ಬೇರೂರಿತೆಂದರೆ ಹಕ್ಕಿಯ ಹೆಸರೇ ಭವಿಷ್ಯಸೂಚನೆಯ ಹೆಸರಾಯಿತು. ರೋಮನರಲ್ಲಿಯೂ ಹೀಗೆಯೇ ನಡೆಯಿತು. ಶುಭಸೂಚನೆಗೆ ಲ್ಯಾಟಿನ್ನಿನಲ್ಲಿರುವ ಪದದ ಮೂಲಾರ್ಥ ‘ಹಕ್ಕಿಯನ್ನು ನೋಡುವುದು’ ಎಂದೇ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಶಕುನಕ್ಕೆ ಅಧ್ಯಾಯಗಳನ್ನೇ ಮೀಸಲಿಟ್ಟಿದ್ದಾನೆ. ಕನ್ನಡದಲ್ಲಿ ಸುಮಾರು 1025ರ ‘ಲೋಕೋಪಕಾರ’ದಲ್ಲಿ ಚಾವುಂಡರಾಯನು ಅಡುಗೆ, ವೈದ್ಯ, ನೆಲದಡಿಯ ನೀರಿನ ಶೋಧ ಮುಂತಾದ ಗೃಹಸ್ಥನಿಗೆ ಬೇಕಾದ ವಿದ್ಯೆಗಳ ಸಾಲಿನಲ್ಲಿ ಶಕುನವನ್ನೂ ಸೇರಿಸಿದ್ದಾನೆ.

ಗ್ರಂಥಸ್ಥವಾದ ಈ ವಿದ್ಯೆಯನ್ನು ಹಳ್ಳಿಯ ಬಾಗಿಲಿಗೆ ತಂದವನು ಬುಡುಬುಡಿಕೆಯವನು. ಬಣ್ಣದ ರುಮಾಲು, ಮೈಮೇಲೆ ಹೊದ್ದ ಬಟ್ಟೆಗಳ ಹೊರೆ, ಕೈಯಲ್ಲಿ ಪುಟ್ಟ ಬುಡುಬುಡಿಕೆ. ಕೋಳಿ ಕೂಗುವ ಮೊದಲೇ ಊರ ಹೊರಗೆ, ಅನೇಕ ವೇಳೆ ಸ್ಮಶಾನದ ಬಳಿಗೆ ಹೋಗಿ ಹಾಲಕ್ಕಿಯ ನುಡಿಯನ್ನು ಕೇಳಿಕೊಂಡು, ಊರಿನ್ನೂ ಏಳುವುದರೊಳಗೆ ಮನೆಮನೆಯ ಮುಂದೆ ನಿಂತು ಅದನ್ನು ಹೇಳುವುದು ಅವನ ವೃತ್ತಿ. ಹಾಲಕ್ಕಿಯೆಂದರೆ ಮರದ ಪೊಟರೆಯಲ್ಲಿ ವಾಸಿಸುವ, ಮೈಮೇಲೆ ಬಿಳಿಯ ಚುಕ್ಕಿಗಳುಳ್ಳ ಸಣ್ಣ ಗೂಬೆ. ಅದು ಮುಸ್ಸಂಜೆ ಮತ್ತು ನಸುಕಿನಲ್ಲಿ ಕರ್ಕಶವಾಗಿ, ಜಗಳವಾಡಿದಂತೆ ಕೂಗುತ್ತದೆ. ಅಂಥ ಕೂಗಿನಿಂದ ಮದುವೆ, ಮಳೆ, ಮಕ್ಕಳ ಭಾಗ್ಯಗಳನ್ನು ತೆಗೆಯುತ್ತಿದ್ದ ಬುಡುಬುಡಿಕೆಯವನ ಮಾತನ್ನು ನಾವು ಇಂದು ನಂಬಬೇಕಾಗಿಲ್ಲ. ಆದರೆ ಒಂದು ಸಂಗತಿಯನ್ನು ಒಪ್ಪಬೇಕು. ತಲೆಮಾರುಗಳ ಕಾಲ ಊರಿನವರೆಲ್ಲರ ಪರವಾಗಿ ನಸುಕಿನಲ್ಲಿ ಎದ್ದು ಒಂದು ಹಕ್ಕಿಯ ದನಿಯನ್ನು ಕೇಳಿಬರುವುದೇ ಉದ್ಯೋಗವಾಗಿದ್ದ ಮನುಷ್ಯನೊಬ್ಬ ನಮ್ಮಲ್ಲಿದ್ದನು.

ಶಕುನದ ಈ ನಂಬಿಕೆಗೆ ಹನ್ನೆರಡನೆಯ ಶತಮಾನದ ಶರಣರು ಒಡ್ಡಿದ ಪ್ರತಿರೋಧವನ್ನು ಸಿರಿಗೆರೆಯ ಮಾತು ಬಂದಾಗ ಮರೆಯಲಾಗದು. ತರಳಬಾಳು ಬೃಹನ್ಮಠದ ನೆಲೆಯಾದ ಈ ಊರು ಶರಣ ಪರಂಪರೆಯನ್ನು ಉಳಿಸಿಕೊಂಡು ಬಂದ ಊರು. ಲಗ್ನ, ತಿಥಿ, ಶಕುನಗಳ ಅಂಜಿಕೆಯನ್ನು ಶರಣರು ಕಿತ್ತೊಗೆದರು. ಆಗ ಹಕ್ಕಿಯ ಸ್ಥಾನವೂ ಬದಲಾಯಿತು. ಅಕ್ಕಮಹಾದೇವಿಯು ಗಿಳಿ, ಕೋಗಿಲೆ, ತುಂಬಿ, ಹಂಸೆ, ನವಿಲುಗಳನ್ನು ಕರೆದು ಚೆನ್ನಮಲ್ಲಿಕಾರ್ಜುನನನ್ನು ಕಂಡಿರಾ ಎಂದು ಕೇಳುತ್ತಾಳೆ. ಇಲ್ಲಿ ಹಕ್ಕಿ ಮುಂದಾಗುವುದನ್ನು ಹೇಳುವ ಗೂಢಶಕ್ತಿಯಾಗಿ ಉಳಿದಿಲ್ಲ. ಅದೇ ಕಾಡಿನಲ್ಲಿ ಅಲೆಯುತ್ತಿರುವ ಇನ್ನೊಂದು ಜೀವವಾಗಿದೆ. ಹಕ್ಕಿಯನ್ನು ಸರೀಕನಂತೆ ಮಾತನಾಡಿಸಿದ ಈ ಕ್ಷಣ ನಮ್ಮ ಆಲಿಕೆಯ ಚರಿತ್ರೆಯಲ್ಲಿ ದೊಡ್ಡದು.

ಕವಿಗಳ ಕಿವಿಯದು ಬೇರೆ ದಾರಿ. 941ರಲ್ಲಿ ‘ವಿಕ್ರಮಾರ್ಜುನ ವಿಜಯ’ವನ್ನು ಬರೆದ ಪಂಪನು ಬನವಾಸಿಯಲ್ಲಿ ಮನುಷ್ಯನಾಗಿ ಅಲ್ಲದಿದ್ದರೆ ತುಂಬಿಯಾಗಿಯೋ ಕೋಗಿಲೆಯಾಗಿಯೋ ಹುಟ್ಟಬೇಕೆಂದು ಹಾರೈಸಿದ್ದು ಎಲ್ಲರಿಗೂ ತಿಳಿದಿದೆ. ಆದರೆ ಕಾವ್ಯದ ಕೋಗಿಲೆ ಬಹುಮಟ್ಟಿಗೆ ಕವಿಸಮಯದ ಕೋಗಿಲೆ. ಮಾಮರದಲ್ಲಿ ಇಂಪಾಗಿ ಕೂಗುವುದು ಗಂಡು. ಹೆಣ್ಣಿನದು ಕಿಕ್ ಕಿಕ್ ಎಂಬ ಒರಟು ದನಿ. ನಾವಾದರೋ ಚೆನ್ನಾಗಿ ಹಾಡುವ ಹೆಣ್ಣುಮಗಳಿಗೆ ‘ಗಾನಕೋಗಿಲೆ’ ಎಂಬ ಬಿರುದನ್ನು ಕೊಡುತ್ತ ಬಂದಿದ್ದೇವೆ. ಕೋಗಿಲೆಯ ಕೂಗು ಏರುವ ಕಾಲ ಕಾಗೆಗಳು ಗೂಡು ಕಟ್ಟುವ ಕಾಲಕ್ಕೆ ಹೊಂದಿಕೊಂಡಿದೆಯೆಂಬುದನ್ನು, ಮೊಟ್ಟೆಯಿಡಲು ಅದಕ್ಕೆ ಕಾಗೆಯ ಗೂಡೇ ಬೇಕೆಂಬುದನ್ನು ವಸಂತವರ್ಣನೆಗಳಲ್ಲಿ ಹುಡುಕುವುದು ವ್ಯರ್ಥ.

ಹಕ್ಕಿಯ ದನಿಯನ್ನು ಅತ್ಯಂತ ನಿಷ್ಕೃಷ್ಟವಾಗಿ ಅರಿತವನು ಬಹುಶಃ ಬೇಟೆಗಾರ. ಪಳಗಿಸಿದ ಹಕ್ಕಿಯನ್ನು ಪಂಜರದಲ್ಲಿಟ್ಟು ಕೂಗಿಸಿ, ಆ ಕೂಗಿಗೆ ಕೆರಳಿ ಬಂದ ಕಾಡುಹಕ್ಕಿಯನ್ನು ಹಿಡಿಯುವ ಉಪಾಯವುಂಟು. ಹಾಗೆ ಸೆಳೆಯಲು ಬಳಸುವ ಪ್ರಾಣಿಗೆ ಕನ್ನಡದಲ್ಲಿ ‘ದೀವ’ ಎಂಬ ಹೆಸರಿದೆ. ದಾವಣಗೆರೆ, ಶಿವಮೊಗ್ಗ ಮೊದಲಾದ ಜಿಲ್ಲೆಗಳಲ್ಲಿ ನೆಲೆಸಿರುವ ಹಕ್ಕಿಪಿಕ್ಕಿ ಜನರು ತಮ್ಮೊಳಗೆ ವಾಗ್ರಿ ಭಾಷೆಯನ್ನಾಡುತ್ತಾರೆ. ನಾವು ಅವರಿಗಿಟ್ಟ ಹೆಸರಿನಲ್ಲೇ ಅವರ ಹಳೆಯ ಕಸುಬಿದೆ. ಹಕ್ಕಿಯ ಕೂಗನ್ನು ಬಾಯಿಂದಲೇ ಅನುಕರಿಸಿ ಅದನ್ನು ಹತ್ತಿರಕ್ಕೆ ಕರೆಯಬಲ್ಲವರು ಅವರು. ಯಾವ ಹಕ್ಕಿ ಯಾವ ತಿಂಗಳಲ್ಲಿ ಯಾವ ಪೊದೆಯಿಂದ ಏಕೆ ಕೂಗುತ್ತದೆಂಬುದು ಅವರಿಗೆ ಹೊಟ್ಟೆಪಾಡಿನ ಪ್ರಶ್ನೆಯಾಗಿತ್ತು.

ಹಕ್ಕಿಯನ್ನು ಹಕ್ಕಿಯಾಗಿಯೇ ತಿಳಿಯಬೇಕೆಂಬ ಶಾಸ್ತ್ರೀಯ ಕುತೂಹಲ ಈ ಎಲ್ಲರ ಅನಂತರ ಬಂದಿತು. ಜೆರ್ಡನ್ 1862ರಿಂದ 1864ರವರೆಗೆ ಪ್ರಕಟಿಸಿದ ಭಾರತದ ಪಕ್ಷಿಗಳ ಗ್ರಂಥದಲ್ಲಿ ದೇಶೀಯ ಹೆಸರುಗಳನ್ನೂ ದಾಖಲಿಸಿದನು. ಸಲೀಂ ಅಲಿಯವರು 1939–40ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆ ನಡೆಸಿದರು. ದನಿಯನ್ನು ಹಿಡಿದಿಡುವ ಯಂತ್ರವೂ ಅಷ್ಟರಲ್ಲಿ ಬಂದಿತ್ತು. 1889ರಲ್ಲಿ ಜರ್ಮನಿಯ ಲುಡ್ವಿಗ್ ಕೋಖ್ ಎಂಬ ಬಾಲಕನು ಎಡಿಸನ್ನನ ಯಂತ್ರದ ಮೇಣದ ಉರುಳೆಯ ಮೇಲೆ ಪಂಜರದ ಹಕ್ಕಿಯೊಂದರ ಹಾಡನ್ನು ಮುದ್ರಿಸಿದನು. ನಮಗೆ ತಿಳಿದಿರುವ ಮಟ್ಟಿಗೆ ಜಗತ್ತಿನ ಮೊದಲ ಹಕ್ಕಿಹಾಡಿನ ಧ್ವನಿಮುದ್ರಣ ಅದು. ಹಾಡಿದ್ದು ಯೂರೋಪಿನ ಹಕ್ಕಿಯಲ್ಲ, ಶಾಮಾ. ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲಿಯೂ ಹಾಡುವ, ಮಡಿವಾಳ ಹಕ್ಕಿಯ ಹತ್ತಿರದ ನೆಂಟ.

1972ನೆಯ ಇಸವಿ ಈ ಚರಿತ್ರೆಯಲ್ಲಿ ಗಮನಾರ್ಹವಾದುದು. ಆ ವರ್ಷ ಬಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಹಕ್ಕಿಪಿಕ್ಕಿಗಳ ಕಸುಬು ಅಪರಾಧವಾಯಿತು. ಅದೇ ವರ್ಷ ಬೆಂಗಳೂರಿನಲ್ಲಿ ಜೋಸೆಫ್ ಜಾರ್ಜ್ ಅವರ ಮುಂದಾಳುತನದಲ್ಲಿ ಪಕ್ಷಿವೀಕ್ಷಕರ ಕ್ಷೇತ್ರ ಕೂಟವು ಆರಂಭವಾಯಿತು. ತಿಂಗಳ ಎರಡನೆಯ ಭಾನುವಾರ ಬೆಳಗ್ಗೆ ಲಾಲ್‌ಬಾಗಿನಲ್ಲಿ ನಡೆಯುವ ಅದರ ನಡಿಗೆ ಪ್ರಸಿದ್ಧವಾಯಿತು. ಕಾಯಿದೆ ಅಗತ್ಯವಾಗಿತ್ತೆಂಬುದರಲ್ಲಿ ಸಂದೇಹವಿಲ್ಲ. ಆದರೂ ಒಂದು ಬಗೆಯ ಕಿವಿ ಹಿಂದೆ ಸರಿದು ಇನ್ನೊಂದು ಬಗೆಯ ಕಿವಿ ಮುಂದೆ ಬಂದಾಗ ಮೊದಲನೆಯದರ ಅರಿವನ್ನು ಎರಡನೆಯದು ಕೇಳಿ ಪಡೆದುಕೊಂಡದ್ದು ಬಹಳ ಕಡಿಮೆ.

ಆ ಅರಿವಿನ ಒಂದಂಶ ಹೆಸರುಗಳಲ್ಲಿ ಉಳಿದಿದೆ. ಕುಟ್ರ, ಟುವ್ವಿ, ಟಿಟ್ಟಿಭ, ಕಾಗೆ: ಇವೆಲ್ಲ ದನಿಯಿಂದಲೇ ಹುಟ್ಟಿದ ಹೆಸರುಗಳು. ಹೆಸರನ್ನು ಉಚ್ಚರಿಸಿದರೆ ಹಕ್ಕಿ ಕೂಗಿದಂತಾಗುತ್ತದೆ. ಕುವೆಂಪು ಅವರು ತಮ್ಮ ಒಂದು ಸಂಕಲನಕ್ಕೆ ‘ಪಕ್ಷಿಕಾಶಿ’ ಎಂದು ಹೆಸರಿಟ್ಟರು; ಅವರ ಮಗ ಪೂರ್ಣಚಂದ್ರ ತೇಜಸ್ವಿಯವರು ‘ಕನ್ನಡ ನಾಡಿನ ಹಕ್ಕಿಗಳು’ ಬರೆದು, ಹಕ್ಕಿಗಳನ್ನು ಕನ್ನಡದ ಹೆಸರುಗಳಿಂದಲೇ ಗುರುತಿಸುವ ಮಾರ್ಗವನ್ನು ಓದುಗರಿಗೆ ತೆರೆದರು. ಆರಾಧನೆಯಿಂದ ಗುರುತಿನ ಕಡೆಗೆ ಒಂದೇ ಮನೆಯಲ್ಲಿ ನಡೆದ ಈ ಪಯಣ ಸಣ್ಣದೇನೂ ಅಲ್ಲ. ಇಂದು ಕೈಫೋನನ್ನು ಮರದ ಕಡೆಗೆ ಹಿಡಿದರೆ ಅದು ದನಿಯನ್ನು ಕೇಳಿ ಹಕ್ಕಿಯ ಇಂಗ್ಲಿಷ್ ಹೆಸರನ್ನು ತೋರಿಸುತ್ತದೆ. ಉಪಕಾರವೇ ಸರಿ. ಆದರೆ ಗೌಜಲಕ್ಕಿಯೆಂಬ ಮಾತು ಬಾಯಿಂದ ಜಾರಿಹೋದರೆ ಅದನ್ನು ಬಲ್ಲ ಕುರಿಗಾಹಿಗೂ ಶಾಲೆಯ ಹುಡುಗನಿಗೂ ನಡುವೆ ಇದ್ದ ಸಂಭಾಷಣೆಯೂ ಕಡಿದುಹೋಗುತ್ತದೆ.

ಹೆಸರಿಗಿಂತ ದೊಡ್ಡ ನಷ್ಟ ದನಿಯದು. ಬಯಲುಸೀಮೆಯ ಹಕ್ಕಿಗಳಿಗೆ ಹುಲ್ಲುಗಾವಲು ಆಸರೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂದಾಯಿತು. ಆ ದನಗಳಿಗಾಗಿ ಕಾದಿಟ್ಟ ಕಾವಲುಗಳು ಯಾರೂ ಉದ್ದೇಶಿಸದೆಯೇ ಹಕ್ಕಿಗಳ ಮನೆಯೂ ಆದವು. ಬಂಜರೆಂದು ಎಣಿಸಿದ ಇಂಥ ನೆಲವನ್ನು ನಾವು ಬಹುಬೇಗ ಬಿಟ್ಟುಕೊಟ್ಟೆವು. 2008ರ ನಂತರದ ಕೆಲವೇ ವರ್ಷಗಳಲ್ಲಿ ಚಳ್ಳಕೆರೆ ತಾಲ್ಲೂಕಿನ ಕಾವಲುಗಳ ಸುಮಾರು 10,000 ಎಕರೆ ರಕ್ಷಣೆ, ವಿಜ್ಞಾನ ಮೊದಲಾದ ಸಂಸ್ಥೆಗಳಿಗೆ ಹಂಚಿಕೆಯಾಯಿತು. ನೆರೆಯ ಹಾವೇರಿ ಸೀಮೆಯ ರಾಣೆಬೆನ್ನೂರಿನಲ್ಲಿ 1974ರಲ್ಲಿ ವನ್ಯಧಾಮವಾಯಿತು. ಅಲ್ಲಿಯ ಹುಲ್ಲುಬಯಲನ್ನು ನೀಲಗಿರಿ ನೆಡುತೋಪು ಆವರಿಸಿತು, ಎರೆಭೂತ ಕಣ್ಮರೆಯಾಯಿತು. ಮನುಷ್ಯನ ಸೊಂಟದೆತ್ತರದ ಈ ಹಕ್ಕಿಯ ಗಂಡು ಎದೆಯ ಚೀಲವನ್ನು ಉಬ್ಬಿಸಿ ಹೊರಡಿಸುವ ಗಂಭೀರವಾದ ಹೂಂಕಾರ ಬಯಲಿನಲ್ಲಿ ದೂರದವರೆಗೂ ಕೇಳುತ್ತಿತ್ತು. ಇಂದು ಇಡೀ ದೇಶದಲ್ಲಿ ಅವು ಇನ್ನೂರಕ್ಕಿಂತ ಕಡಿಮೆ; ಕರ್ನಾಟಕದಲ್ಲಿ ಬಳ್ಳಾರಿಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು.

ಎಲ್ಲವೂ ಅಳಿವಿನ ಕಥೆಯೆಂದೂ ಅಲ್ಲ. ಸಿರಿಗೆರೆಗೆ ಸಮೀಪದ ಭರಮಸಾಗರದ ಕೆರೆಗೆ 2021ರಲ್ಲಿ ತುಂಗಭದ್ರೆಯ ನೀರು ಬಂದಿತು. ಬರದಿಂದ ಬೆಂದ ರೈತನಿಗೆ ಅದು ಬದುಕು, ನೀರುಹಕ್ಕಿಗೂ ಆಸರೆ. ಆದರೆ ನೀರು ಬಂದಲ್ಲಿ ಬೀಳು ನೆಲ ತೋಟವಾಗುತ್ತದೆ, ಬದುವಿನ ಬೇಲಿ ಹೋಗುತ್ತದೆ, ಬೇಲಿಯೊಡನೆ ಗೌಜಲಕ್ಕಿಯೂ ಹೋಗುತ್ತದೆ. ಈ ಲೆಕ್ಕವನ್ನು ರೈತನೊಬ್ಬನ ತಲೆಗೆ ಕಟ್ಟುವುದು ನ್ಯಾಯವಲ್ಲ. ಬೇಲಿಸಾಲನ್ನೂ ಒಂದಿಷ್ಟು ಹುಲ್ಲನ್ನೂ ಉಳಿಸಿಕೊಳ್ಳುವ ಹೊಣೆ ಊರಿಗೂ ಸರ್ಕಾರಕ್ಕೂ ಸೇರಿದ್ದು.

ಕೇಳುಗರೆ, ಬುಡುಬುಡಿಕೆಯವನು ಹಕ್ಕಿಯನ್ನು ನಾಳೆಯ ಬಗ್ಗೆ ಕೇಳಿದನು. ಬೇಟೆಗಾರನು ಅದರ ಮೈಯನ್ನೇ ಕೇಳಿದನು. ಕವಿ ಉಪಮೆಯನ್ನು ಬೇಡಿದನು. ಇಂದಿನ ಬೆಳಗಿನ ನಡಿಗೆಯವನು ಅದರಿಂದ ಏನನ್ನೂ ಬೇಡುವುದಿಲ್ಲ. ಇದು ನಮ್ಮ ನಾಗರಿಕತೆ ಕಲಿತ ಒಳ್ಳೆಯ ಪಾಠಗಳಲ್ಲೊಂದು. ಆದರೆ ಸುಮ್ಮನೆ ಕೇಳಲು ಕಲಿತ ಹೊತ್ತಿಗೇ ಕೇಳಬೇಕಾದ ದನಿ ಕ್ಷೀಣಿಸುತ್ತಿದೆ. ಆದುದರಿಂದ ಸಿರಿಗೆರೆಯಂಥ ಊರಿನಲ್ಲಿ ಶಾಲೆಯ ಮಕ್ಕಳನ್ನು ಇಂಥ ನಡಿಗೆಗೆ ಕರೆದೊಯ್ಯುವವರು, ದುರ್ಬೀನು ಹಿಡಿದ ಮಾರ್ಗದರ್ಶಿಯ ಜೊತೆಗೆ ಆ ಬಯಲಿನಲ್ಲೇ ಕುರಿ ಕಾಯ್ದು ಮುದುಕನಾದವನೊಬ್ಬನನ್ನೂ ಕರೆದುಕೊಂಡರೆ ಒಳ್ಳೆಯದು. ಯಾವ ಗುಡ್ಡದಲ್ಲಿ ಮೊದಲು ಯಾವ ಹಕ್ಕಿ ಕೂಗುತ್ತಿತ್ತು, ಎಂದಿನಿಂದ ಕೂಗು ನಿಂತಿತು ಎಂಬುದನ್ನು ಹೇಳಬಲ್ಲವನು ಅವನೊಬ್ಬನೇ. ಅವನು ಹೇಳಿದ್ದನ್ನು ಬರೆದಿಟ್ಟುಕೊಳ್ಳುವ ಕೆಲಸವಾದರೂ ಈ ತಲೆಮಾರಿನಲ್ಲಿಯೇ ಆಗಬೇಕಾಗಿದೆ.